ಗದ್ದೆ ನಡುವಿನ ರೆಸಾರ್ಟ್: ಉಡುಪಿ, ಮಂಗಳೂರು ಕಡೆ ಬರುವ ಮೊದಲು

"ಉಡುಪಿ ಹತ್ತಿರ ಗದ್ದೆ ನಡುವೆ ಇರುವ ಒಂದು ಒಳ್ಳೆ ರೆಸಾರ್ಟ್ ಹೇಳಿ." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳುವವರಲ್ಲಿ ಹೆಚ್ಚಿನವರು ಬೆಂಗಳೂರು, ಮೈಸೂರು ಕಡೆಯವರು. ಅಪ್ಪ ಅಮ್ಮನನ್ನು ಎರಡು ದಿನ ಹಸಿರಿನ ನಡುವೆ ಕೂರಿಸಬೇಕು ಎಂಬ ಆಸೆ ಇರುತ್ತದೆ. ಹೆಸರು ಹೇಳುವ ಮೊದಲು ನಾನು ತಿರುಗಿ ಕೇಳುವುದು ಒಂದೇ: ಯಾವ ತಿಂಗಳಲ್ಲಿ ಬರುತ್ತೀರಿ?

"ಏಪ್ರಿಲ್‌ನಲ್ಲಿ, ಮಕ್ಕಳಿಗೆ ಆಗ ರಜೆ" ಎಂದರೆ ನಾನು ಸುಮ್ನೆ ನಗುತ್ತೇನೆ. ಏಪ್ರಿಲ್‌ನಲ್ಲಿ ಇಲ್ಲಿನ ಗದ್ದೆಯಲ್ಲಿ ಊರ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ.

ರೂಮು ವರ್ಷವಿಡೀ ಒಂದೇ ತರ ಇರುತ್ತದೆ. ಗದ್ದೆ ತಿಂಗಳಿಗೊಂದು ತರ. ನೀವು ದೊಡ್ಡ ಮೊತ್ತ ಕೊಡುವುದು ಕಿಟಕಿಯಾಚೆ ಕಾಣುವುದಕ್ಕೆ ತಾನೇ? ಹಾಗಾಗಿ ಇಲ್ಲಿ ಯಾವ ರೆಸಾರ್ಟಿನ ಹೆಸರನ್ನೂ ಹೇಳುವುದಿಲ್ಲ. ಆರಿಸುವುದು ಹೇಗೆ, ಬಂದ ಮೇಲೆ ಎಲ್ಲಿ ಎಡವಬಾರದು ಎಂಬುದನ್ನು ಹೇಳುತ್ತೇನೆ.

ಹಂತ 1: ಮೊದಲು ಗದ್ದೆಯ ತಿಂಗಳು ನೋಡಿ

ಇಲ್ಲಿನವರು ಗದ್ದೆಯನ್ನು ಮೂರು ಬಗೆಯಾಗಿ ಕರೆಯುತ್ತಾರೆ. ನೀರು ನಿಲ್ಲುವ ತಗ್ಗಿನದು ಬೈಲು. ಅದಕ್ಕಿಂತ ಸ್ವಲ್ಪ ಮೇಲಿನದು ಮಜಲು. ಮಳೆನೀರನ್ನೇ ನಂಬಿಕೊಂಡ ಎತ್ತರದ್ದು ಬೆಟ್ಟು. ಬೆಳೆಗೂ ಮೂರು ಹೆಸರಿದೆ. ಮಳೆಗಾಲದ್ದು ಏಣೆಲು, ಅದರ ಹಿಂದೆ ಬರುವುದು ಸುಗ್ಗಿ, ಬೇಸಿಗೆಯದು ಕೊಳಕೆ. ಹಿಂದೆ ಬೆಟ್ಟಿನಲ್ಲಿ ಒಂದು ಬೆಳೆ, ಮಜಲಿನಲ್ಲಿ ಎರಡು, ಬೈಲಿನಲ್ಲಿ ಮೂರು ಎಂಬ ಲೆಕ್ಕವಿತ್ತು. ಈಗ ಕೆಲಸಕ್ಕೆ ಜನ ಸಿಗುವುದೇ ಕಷ್ಟ. ಎಷ್ಟೋ ಕಡೆ ಏಣೆಲು ಮುಗಿದರೆ ಆ ವರ್ಷದ ಭತ್ತ ಮುಗಿದ ಹಾಗೆ.

ಇದರಿಂದ ನಿಮಗೆ ಸಿಗುವ ಲೆಕ್ಕ ಹೀಗಿದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಉಳುಮೆ ಶುರುವಾಗುತ್ತದೆ. ಆಗ ಗದ್ದೆ ಹಸಿರಲ್ಲ, ಕೆಸರು ನೀರು. ಆಕಾಶ ಅದರಲ್ಲಿ ಕಾಣುತ್ತದೆ, ಅದೂ ಚೆಂದವೇ. ಆದರೆ ಫೋಟೊದಲ್ಲಿ ನೋಡಿದ ಹಸಿರು ಹುಡುಕಿಕೊಂಡು ಬಂದವರಿಗೆ ಬೇಜಾರಾಗುತ್ತದೆ. ಜುಲೈ ನಾಟಿಯ ತಿಂಗಳು. ಮಡಿಯಲ್ಲಿ ಬೆಳೆಸಿದ ಸಸಿಗೆ ಇಲ್ಲಿ ನೇಜಿ ಎನ್ನುತ್ತಾರೆ. ಅದನ್ನು ಕಿತ್ತು ನೆಡುವುದನ್ನು ನೋಡಬೇಕಾದರೆ, ನೀವೂ ಕೈಹಾಕಬೇಕಾದರೆ, ಈ ತಿಂಗಳೇ ಸರಿ. ಮಳೆಯೂ ಆಗಲೇ ಜಾಸ್ತಿ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಎರಡು ದಿನ ವರಾಂಡದಲ್ಲೇ ಕುಳಿತಿರಬೇಕಾಗಿ ಬಂದರೂ ಖುಷಿ ಎನ್ನುವವರು ಮಾತ್ರ ಜುಲೈಗೆ ಬನ್ನಿ.

ನನ್ನನ್ನು ಕೇಳಿದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಬರಬೇಕು. ಮಳೆ ಬಿಟ್ಟುಬಿಟ್ಟು ಬರುತ್ತದೆ. ಪೈರು ಸೊಂಟದ ಹತ್ತಿರ ಬಂದಿರುತ್ತದೆ, ಗಾಳಿ ಬೀಸಿದರೆ ಬೈಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅಲೆ ಓಡುತ್ತದೆ. ಅಕ್ಟೋಬರ್‌ನಲ್ಲಿ ಬಣ್ಣ ಹೊನ್ನಾಗುತ್ತದೆ, ಆದರೆ ಅದು ಜೂಜು. ಕಟಾವು ಯಂತ್ರ ಗಂಟೆ ಲೆಕ್ಕದ ಬಾಡಿಗೆಗೆ ಬರುವುದು. ಅದು ಸಿಕ್ಕಿದ ದಿನವೇ ಕೊಯ್ಲು. ನೀವು ಬರುವ ಹಿಂದಿನ ದಿನ ಕೊಯ್ದಿದ್ದರೆ ಕಾಣುವುದು ಬರೀ ಕೂಳೆ.

ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತ. ಆದರೆ ನೀರಿರುವ ಬೈಲಿನಲ್ಲಿ ಮಾತ್ರ ಸುಗ್ಗಿ ಬೆಳೆ. ಉಳಿದ ಕಡೆ ಉದ್ದು, ಹೆಸರು, ಕೆಲವೆಡೆ ತರಕಾರಿ. ಮಾರ್ಚ್‌ನಿಂದ ಮೇವರೆಗೆ ಬರುವುದಾದರೆ ಗದ್ದೆಯ ಹೆಸರಿನಲ್ಲಿ ಹೆಚ್ಚಿಗೆ ದುಡ್ಡು ಕೊಡಬೇಡಿ. ಸಮುದ್ರದ ಬದಿಯಲ್ಲೇ ರೂಮು ನೋಡಿ.

ಹಂತ 2: ಗದ್ದೆ ಯಾರದ್ದು ಎಂದು ಕೇಳಿ

ರೂಮು ಎಷ್ಟು ದೊಡ್ಡದು, ಈಜುಕೊಳ ಇದೆಯಾ ಎಂದು ಎಲ್ಲರೂ ಕೇಳುತ್ತಾರೆ. ಗದ್ದೆ ಯಾರದ್ದು ಎಂದು ಯಾರೂ ಕೇಳುವುದಿಲ್ಲ. ಎಷ್ಟೋ ಸಲ ರೆಸಾರ್ಟಿನದ್ದು ಕಟ್ಟಡ ಇರುವ ಜಾಗ ಮಾತ್ರ, ಸುತ್ತಲಿನ ಗದ್ದೆ ನೆರೆಮನೆಯವರದ್ದು. ಅವರು ಈ ವರ್ಷ ಬೇಸಾಯ ಮಾಡದಿದ್ದರೆ ಗದ್ದೆ ಹಡಿಲು ಬೀಳುತ್ತದೆ. ಹಡಿಲು ಎಂದರೆ ಉಳದೆ ಬಿತ್ತದೆ ಪಾಳು ಬಿಟ್ಟ ನೆಲ. ಒಂದೇ ಮಳೆಗಾಲದಲ್ಲಿ ಅಲ್ಲಿ ಕಳೆ ಎದೆಯೆತ್ತರ ಬೆಳೆಯುತ್ತದೆ. ಈ ಹಡಿಲು ಗದ್ದೆಗಳನ್ನು ಮತ್ತೆ ಬಿತ್ತಿಸಲು 2021ರಲ್ಲಿ ಉಡುಪಿಯಲ್ಲಿ ದೊಡ್ಡ ಅಭಿಯಾನವೇ ನಡೆಯಿತು. ಸಮಸ್ಯೆ ಎಷ್ಟಿತ್ತು ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಕೆಲವರು ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಹಾಕಿಬಿಟ್ಟಿದ್ದಾರೆ. ರೆಸಾರ್ಟಿನ ಜಾಹೀರಾತಿನಲ್ಲಿ ಮಾತ್ರ ಐದು ವರ್ಷದ ಹಿಂದಿನ ಡ್ರೋನ್ ಫೋಟೊ ಹಾಗೇ ಇರುತ್ತದೆ.

ಹಾಗಾಗಿ ಬುಕ್ ಮಾಡುವ ಮೊದಲು ಫೋನ್ ಮಾಡಿ. "ನನಗೆ ಕೊಡುವ ರೂಮಿನ ಕಿಟಕಿಯಿಂದ ಇವತ್ತು ತೆಗೆದ ಒಂದು ವಿಡಿಯೊ ವಾಟ್ಸಾಪ್‌ನಲ್ಲಿ ಕಳಿಸಿ" ಎನ್ನಿ. ಒಳ್ಳೆಯ ಜಾಗದವರು ಅರ್ಧ ಗಂಟೆಯಲ್ಲಿ ಕಳಿಸುತ್ತಾರೆ. ನೆಪ ಹೇಳಿದರೆ ಬೇರೆ ಕಡೆ ನೋಡಿ. "ಪ್ಯಾಡಿ ವ್ಯೂ" ಎಂಬ ಶಬ್ದವನ್ನು ನಂಬಬೇಡಿ. ಹಾಗೆಂದರೆ ಭತ್ತದ ಗದ್ದೆ ಕಾಣುವ ರೂಮು ಎಂದರ್ಥ, ಎಷ್ಟು ಗದ್ದೆ ಕಾಣುತ್ತದೆ ಎಂದು ಅದರಲ್ಲಿ ಬರೆದಿಲ್ಲ. ಒಮ್ಮೆ ನಾನೇ ಇಂಥ ರೂಮು ಹಿಡಿದು ಪರದೆ ಸರಿಸಿದರೆ ಎದುರಿಗೆ ಜನರೇಟರ್ ಶೆಡ್ಡು, ಅದರ ಪಕ್ಕದಲ್ಲಿ ಕರವಸ್ತ್ರದಷ್ಟು ಹಸಿರು.

ಗೂಗಲ್ ಮ್ಯಾಪ್‌ನಲ್ಲಿ ಉಪಗ್ರಹ ಚಿತ್ರವನ್ನೂ ನೋಡಿ. ರಾಷ್ಟ್ರೀಯ ಹೆದ್ದಾರಿ 66 ಎಷ್ಟು ದೂರ, ಹತ್ತಿರದಲ್ಲಿ ಕೆಂಪುಕಲ್ಲಿನ ಕೋರೆ ಇದೆಯಾ, ಜಲ್ಲಿ ಕ್ರಷರ್ ಇದೆಯಾ. ಇವೆಲ್ಲ ಮೇಲಿನಿಂದ ಚೆನ್ನಾಗಿ ಕಾಣುತ್ತವೆ.

ಯಾವ ಕಡೆ ಹುಡುಕಬೇಕು ಎಂದರೆ, ಸೀತಾ ಮತ್ತು ಸ್ವರ್ಣಾ ನದಿಗಳ ಆಸುಪಾಸು, ಅಂದರೆ ಬ್ರಹ್ಮಾವರ, ಬಾರ್ಕೂರು, ಕೊಕ್ಕರ್ಣೆ, ಕೋಟದ ಕಡೆ ಅಗಲವಾದ ಬೈಲುಗಳಿವೆ. ಹಿರಿಯಡ್ಕ, ಕಾರ್ಕಳ, ಮೂಡುಬಿದಿರೆ ಕಡೆ ಗದ್ದೆ ಗುಡ್ಡದ ನಡುವೆ ಕಿರಿದಾಗಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಮಂಗಳೂರಿನಿಂದ ಜಾಸ್ತಿ ದೂರ ಬೇಡ ಎನ್ನುವವರಿಗೆ ಮೂಲ್ಕಿ, ಕಿನ್ನಿಗೋಳಿ ಸಾಕು.

ಹಂತ 3: ದರವನ್ನು ಬಿಡಿಸಿ ಓದಿ

ದರದ ಪಕ್ಕ ಇಪಿ, ಸಿಪಿ, ಎಂಎಪಿ, ಎಪಿ ಎಂದು ಬರೆದಿರುತ್ತದೆ. ಇಪಿ ಎಂದರೆ ಬರೀ ರೂಮು. ಸಿಪಿಯಲ್ಲಿ ಬೆಳಗಿನ ತಿಂಡಿ ಸೇರಿದೆ. ಎಂಎಪಿಯಲ್ಲಿ ತಿಂಡಿಯ ಜೊತೆ ಒಂದು ಊಟ. ಎಪಿಯಲ್ಲಿ ಮೂರು ಹೊತ್ತೂ. ಗದ್ದೆ ನಡುವಿನ ಜಾಗದಲ್ಲಿ ರಾತ್ರಿ ಹೊರಗೆ ಹೋಗಿ ಊಟ ಮಾಡುವುದು ಕಷ್ಟ. ಎಂಎಪಿ ತೆಗೆದುಕೊಳ್ಳಿ, ಮಧ್ಯಾಹ್ನ ಉಡುಪಿ ಪೇಟೆಯಲ್ಲೋ ಬೇರೆಲ್ಲೋ ಉಣ್ಣಬಹುದು.

ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18. ಇಲ್ಲಿ ಒಂದು ಗುಂಡಿ ಇದೆ, ನೋಡಿ. 7,400ರ ರೂಮು ತೆರಿಗೆ ಸೇರಿ 7,770 ಆಗುತ್ತದೆ. 7,600ರ ರೂಮು 8,968 ಆಗುತ್ತದೆ. ಬೋರ್ಡಿನಲ್ಲಿ 200 ರೂಪಾಯಿ ವ್ಯತ್ಯಾಸ, ಬಿಲ್ಲಿನಲ್ಲಿ ಸುಮಾರು 1,200. ದರ 7,500ರ ಆಸುಪಾಸು ಇದ್ದರೆ ಸ್ವಲ್ಪ ಇಳಿಸುತ್ತೀರಾ ಎಂದು ಕೇಳುವುದರಲ್ಲಿ ನಾಚಿಕೆ ಬೇಡ. ಹಿಂದಿನ ಹಣಕಾಸು ವರ್ಷದಲ್ಲಿ ಯಾವುದಾದರೂ ರೂಮನ್ನು 7,500ಕ್ಕಿಂತ ಹೆಚ್ಚಿಗೆ ಕೊಟ್ಟ ಜಾಗವಾದರೆ ಅಲ್ಲಿನ ರೆಸ್ಟೋರೆಂಟ್ ಊಟಕ್ಕೂ ಶೇ 18 ಬೀಳುತ್ತದೆ. ಹೊರಗಿನ ಹೋಟೆಲಿನಲ್ಲಿ ಶೇ 5.

ಸರ್ವಿಸ್ ಚಾರ್ಜ್ ಬೇರೆ, ತೆರಿಗೆ ಬೇರೆ. ಅದನ್ನು ಕೇಳದೆ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಸೇರಿಸಿದ್ದರೆ ತೆಗೆಯಿರಿ ಎನ್ನಿ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915.

ಕೊನೆಯದಾಗಿ, ಮಳೆಗಾಲಕ್ಕೆ "ನಾನ್ ರಿಫಂಡೆಬಲ್", ಅಂದರೆ ರದ್ದು ಮಾಡಿದರೆ ದುಡ್ಡು ವಾಪಸ್ ಬಾರದ ದರ ತೆಗೆದುಕೊಳ್ಳಲೇಬೇಡಿ. ಏಕೆ ಎಂಬುದು ಮುಂದಿನ ಹಂತದಲ್ಲಿದೆ.

ಹಂತ 4: ಘಾಟಿ ಇಳಿಯುವ ಯೋಚನೆ

ಬೆಂಗಳೂರಿನಿಂದ ಬರುವವರು ಶಿರಾಡಿ ಇಳಿಯಬೇಕು. ಚಿಕ್ಕಮಗಳೂರು ಕಡೆಯಿಂದ ಚಾರ್ಮಾಡಿ, ಶಿವಮೊಗ್ಗ ಕಡೆಯಿಂದ ಆಗುಂಬೆ. ಮಳೆ ಜೋರಾದರೆ ಯಾವ ಘಾಟಿ ಯಾವತ್ತು ಕುಸಿಯುತ್ತದೆ ಎಂದು ಹೇಳಲಾಗದು. ರೈಲು ದಾರಿಗೂ ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ನಡುವೆ ಅದೇ ಕಥೆ. ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ. ರೆಡ್ ಅಲರ್ಟ್ ಎಂದರೆ ಸಾಮಾನ್ಯವಾಗಿ 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಜಾಸ್ತಿ ಮಳೆ ಬರಬಹುದು ಎಂದರ್ಥ. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟ ದಿನ ನೀವೂ ಪ್ರಯಾಣಕ್ಕೆ ರಜೆ ಕೊಡುವುದು ಒಳ್ಳೆಯದು.

ರಾತ್ರಿ ಬಸ್ಸಿಗೆ ಹೊರಟವರು ಬೆಳಿಗ್ಗೆ ಆರು, ಏಳಕ್ಕೆ ಉಡುಪಿ ತಲುಪುತ್ತಾರೆ. ರೂಮು ಕೊಡುವುದು ಮಧ್ಯಾಹ್ನ ಒಂದು, ಎರಡು ಗಂಟೆಗೆ. ತುಂಬ ಜನ ಎಡವುವುದು ಇಲ್ಲೇ. ಬೇಗ ರೂಮು ಕೊಡುತ್ತೀರಾ, ಇಲ್ಲದಿದ್ದರೆ ಬ್ಯಾಗ್ ಇಟ್ಟು ಸ್ನಾನ ಮಾಡಲು ಜಾಗ ಇದೆಯಾ ಎಂದು ಮೊದಲೇ ಮಾತಾಡಿಕೊಳ್ಳಿ. ಅಷ್ಟರಲ್ಲಿ ಕೃಷ್ಣ ಮಠಕ್ಕೆ ಹೋಗಿ, ರಥಬೀದಿಯಲ್ಲಿ ಒಂದು ಸುತ್ತು ಹಾಕಿ, ತಿಂಡಿ ಮುಗಿಸಿ ಬರಬಹುದು.

ವಿಮಾನದಲ್ಲಿ ಬಂದರೆ ಮಂಗಳೂರು ವಿಮಾನ ನಿಲ್ದಾಣ ಇರುವ ಬಜ್ಪೆಯಿಂದ ಉಡುಪಿಗೆ ಸುಮಾರು 60 ಕಿ.ಮೀ. ರೈಲಿನವರಿಗೆ ಇಂದ್ರಾಳಿಯಲ್ಲಿರುವ ಉಡುಪಿ ನಿಲ್ದಾಣ. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿ ಬೇರೆ ಇರುತ್ತದೆ, ಹಳೆಯ ಟೈಮನ್ನು ನೆಚ್ಚಿಕೊಳ್ಳಬೇಡಿ. ಪೇಟೆಯಿಂದ ಒಳಗಿನ ಊರಿಗೆ ಬಸ್ಸು ಸಂಜೆಯ ಮೇಲೆ ಕಡಿಮೆ. ರಿಕ್ಷಾದವರಿಗೆ ರೆಸಾರ್ಟಿನ ಹೆಸರಿಗಿಂತ ಹತ್ತಿರದ ದೇವಸ್ಥಾನದ ಅಥವಾ ಶಾಲೆಯ ಹೆಸರು ಹೇಳಿದರೆ ಬೇಗ ಗೊತ್ತಾಗುತ್ತದೆ.

ಹಂತ 5: ಬ್ಯಾಗಿನಲ್ಲಿ ಏನಿರಬೇಕು

ಬೇಗ ಒಣಗುವ ಬಟ್ಟೆ. ಮಳೆಗಾಲದಲ್ಲಿ ಇಲ್ಲಿ ಜೀನ್ಸ್ ಮೂರು ದಿನವಾದರೂ ಒಣಗುವುದಿಲ್ಲ. ಹಿಡಿತ ಇರುವ ಚಪ್ಪಲಿ, ಏಕೆಂದರೆ ಪಾಚಿ ಹಿಡಿದ ಕೆಂಪುಕಲ್ಲಿನ ಮೆಟ್ಟಿಲು ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ವಯಸ್ಸಾದವರು ಜೊತೆಗಿದ್ದರೆ ಊಟದ ಹಾಲಿಗೆ ಹತ್ತಿರದ, ಮೆಟ್ಟಿಲಿಲ್ಲದ ರೂಮು ಕೇಳಿ. ಟಾರ್ಚ್, ಸೊಳ್ಳೆಗೆ ಹಚ್ಚುವ ಕ್ರೀಮು (ಮಂಗಳೂರಿನ ಮಲೇರಿಯಾ ಹಳೆಯ ಕಥೆ, ಡೆಂಗಿಯೂ ಇದೆ), ಸ್ವಲ್ಪ ನಗದು. ಗಾಳಿಮಳೆಗೆ ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಹೋಗುತ್ತದೆ, ಯುಪಿಐ ನಡೆಯುವುದಿಲ್ಲ.

ಜನರೇಟರ್ ಇದೆಯಾ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. "ಅದರಲ್ಲಿ ಎಸಿ, ಗೀಸರ್ ನಡೆಯುತ್ತದಾ, ಇಲ್ಲ ಬರೀ ಲೈಟು ಫ್ಯಾನಾ?" ಎಂದು ಕೇಳಿ.

ಹಂತ 6: ಗದ್ದೆಗೆ ಇಳಿಯುವಾಗ

ಗದ್ದೆಯ ಬದುವನ್ನು ತುಳುವಿನಲ್ಲಿ ಪುಣಿ, ಕಟ್ಟಪುಣಿ ಎನ್ನುತ್ತಾರೆ. ಅದು ನಿಮ್ಮ ವಾಕಿಂಗ್ ದಾರಿಯಲ್ಲ, ನೀರು ಹಿಡಿದಿಡುವ ಮಣ್ಣಿನ ಕಟ್ಟೆ. ನೆನೆದ ಪುಣಿಯ ಅಂಚಿಗೆ ಕಾಲಿಟ್ಟರೆ ಅದು ಕುಸಿಯುತ್ತದೆ, ನೀರು ಕೆಳಗಿನ ಗದ್ದೆಗೆ ಹೋಗುತ್ತದೆ, ಆಮೇಲೆ ಎರಡು ಮನೆಯವರ ನಡುವೆ ಜಗಳ. ಮಧ್ಯದಲ್ಲೇ ನಡೆಯಿರಿ, ಒಬ್ಬರ ಹಿಂದೆ ಒಬ್ಬರು. ಗೊಬ್ಬರ, ಔಷಧಿ ಹಾಕಿದ ದಿನ ಹತ್ತಿರ ಹೋಗಬೇಡಿ. ಹಾಕಿದ್ದಾರಾ ಎಂದು ಕೇಳಿಯೇ ಇಳಿಯಿರಿ.

ಕೆಲಸ ಮಾಡುವವರ ಫೋಟೊ ತೆಗೆಯುವ ಮೊದಲು "ಅಕ್ಕ, ಒಂದು ಫೋಟೊ ತೆಗೆಯಬಹುದಾ?" ಎಂದು ಕೇಳಿ. ಬೇಡ ಎಂದರೆ ಬೇಡ. ಬ್ರಹ್ಮಾವರ ದಾಟಿ ಉತ್ತರಕ್ಕೆ ಹೋದರೆ ಅವರು ನಿಮಗೆ ಕುಂದಾಪ್ರ ಕನ್ನಡದಲ್ಲಿ ಉತ್ತರ ಕೊಡುತ್ತಾರೆ, ಈಚೆಗಾದರೆ ತುಳು. ಕನ್ನಡ ಎಲ್ಲರಿಗೂ ಅರ್ಥವಾಗುತ್ತದೆ.

ನಾಟಿಗೆ ಕೈಹಾಕುವುದಾದರೆ ಚಪ್ಪಲಿ, ವಾಚು, ಉಂಗುರ ಎಲ್ಲ ದಡದಲ್ಲೇ ಇಡಿ. ಎರಡು ಮೂರು ಸಸಿ ಒಟ್ಟಿಗೆ ಹಿಡಿದು, ಬುಡವನ್ನು ಬೆರಳಿನಿಂದ ಕೆಸರಿಗೆ ಒತ್ತಬೇಕು. ಜಾಸ್ತಿ ಆಳಕ್ಕೆ ಹೋಗಬಾರದು. ಹಿಂದೆ ಹಿಂದೆ ಸರಿಯುತ್ತಾ ಬರಬೇಕು, ಮುಂದೆ ಹೋದರೆ ನೆಟ್ಟದ್ದನ್ನೇ ತುಳಿಯುತ್ತೀರಿ. ಹತ್ತು ನಿಮಿಷದಲ್ಲಿ ಸೊಂಟ ಹಿಡಿಯುತ್ತದೆ. ನೀವು ನೆಟ್ಟ ಸಾಲನ್ನು ಅಕ್ಕಂದಿರು ಆಮೇಲೆ ಸರಿಮಾಡುತ್ತಾರೆ, ಚಿಂತೆ ಬೇಡ.

ಈಗ ಗಂಭೀರ ವಿಷಯ. ಕಾಲಿನಲ್ಲಿ ಗಾಯ, ಒಡಕು, ಕೆರೆದ ಗುಳ್ಳೆ ಏನೇ ಇದ್ದರೂ ಕೆಸರಿಗೆ ಇಳಿಯಬೇಡಿ. ಇಲಿಜ್ವರ ಎಂಬ ಕಾಯಿಲೆ ಇಲ್ಲಿ ಮಳೆಗಾಲದಲ್ಲಿ ಬರುತ್ತದೆ. ಇಲಿ, ದನಗಳ ಮೂತ್ರ ಸೇರಿದ ನೀರಿನಿಂದ ರೋಗಾಣು ಗಾಯದ ಮೂಲಕ ಒಳಗೆ ಹೋಗುತ್ತದೆ. ಇದರ ಕಷ್ಟ ಏನೆಂದರೆ, ಜ್ವರ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನದ ಮೇಲೆ. ಅಷ್ಟರಲ್ಲಿ ನೀವು ಬೆಂಗಳೂರಿನ ಆಫೀಸಿನಲ್ಲಿರುತ್ತೀರಿ, ಗದ್ದೆ ಮರೆತೇಹೋಗಿರುತ್ತದೆ. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಕಂಡರೆ ವೈದ್ಯರಿಗೆ "ನಾನು ಗದ್ದೆ ಕೆಸರಿಗೆ ಇಳಿದಿದ್ದೆ" ಎಂದು ಹೇಳಿ. ಆ ಒಂದು ಮಾತಿನಿಂದ ಸರಿಯಾದ ಪರೀಕ್ಷೆ ಬೇಗ ಆಗುತ್ತದೆ. ಕೆಸರಿನಿಂದ ಮೇಲೆ ಬಂದ ಕೂಡಲೇ ಸೋಪು ಹಾಕಿ ಕಾಲು ತೊಳೆಯುವುದು ಹೇಗೂ ಇದ್ದದ್ದೇ.

ಹಾವು ಇರುತ್ತದೆ. ಗದ್ದೆ ಇದ್ದಲ್ಲಿ ಇಲಿ, ಕಪ್ಪೆ, ಅವುಗಳ ಹಿಂದೆ ಹಾವು. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಓಡಾಡಬೇಡಿ, ಬೈಹುಲ್ಲಿನ ರಾಶಿಯಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ. ನಾಗರಹಾವನ್ನು ಇಲ್ಲಿ ಯಾರೂ ಕೊಲ್ಲುವುದಿಲ್ಲ, ನೀವೂ ಕೋಲು ಹಿಡಿಯಬೇಡಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಚೀಪುವುದು ಬೇಡ. ಅಲುಗಾಡದ ಹಾಗೆ ಇಟ್ಟು 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಗದ್ದೆ ಬದಿಯ ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ, ಮಳೆ ಬಂದಾಗ ನೀರು ಒಮ್ಮೆಲೇ ಏರುತ್ತದೆ. ಮಕ್ಕಳ ಮೇಲೆ ಕಣ್ಣಿರಲಿ.

ಹಂತ 7: ಊಟವನ್ನು ಹಿಂದಿನ ದಿನವೇ ಹೇಳಿ

ಏನೂ ಹೇಳದಿದ್ದರೆ ನಿಮಗೆ ಸಿಗುವುದು ಪನೀರ್ ಬಟರ್ ಮಸಾಲ, ಫ್ರೈಡ್ ರೈಸ್, ಗುಲಾಬ್ ಜಾಮೂನು. ಗದ್ದೆ ನಡುವೆ ಕುಳಿತು ಅದನ್ನು ತಿನ್ನಬೇಕಾ? ಬುಕ್ ಮಾಡುವಾಗಲೇ ಕುಚ್ಚಲಕ್ಕಿ ಗಂಜಿ, ನೀರುದೋಸೆ, ಪತ್ರೊಡೆ ಕೇಳಿ. ಕುಚ್ಚಲಕ್ಕಿ ಎಂದರೆ ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಕೆಂಪು ಅಕ್ಕಿ. ಪತ್ರೊಡೆಗೆ ಕೆಸುವಿನ ಎಲೆ ಬೇಕು, ಅದು ಮಳೆಗಾಲದಲ್ಲೇ ಎಳೆಯದಾಗಿ ಸಿಗುವುದು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆಟಿ ತಿಂಗಳು. ಹಿಂದೆ ಕೈಯಲ್ಲಿ ಏನೂ ಇಲ್ಲದ ತಿಂಗಳದು. ಹಾಗಾಗಿ ಸುತ್ತಮುತ್ತ ಸಿಕ್ಕಿದ್ದೇ ಅಡುಗೆ: ತಿಮರೆ ಚಟ್ನಿ (ಬೇರೆ ಕಡೆಯ ಒಂದೆಲಗ), ಕಣಿಲೆ (ಎಳೆ ಬಿದಿರು), ಹಲಸಿನ ಬೀಜ, ತಜಂಕ್ ಸೊಪ್ಪು (ಬೇರೆ ಕಡೆಯ ಚಗಟೆ). ಬಡತನದ ಆ ಊಟಕ್ಕೆ ಈಗ ರೆಸಾರ್ಟುಗಳು "ಆಟಿ ಸ್ಪೆಷಲ್" ಎಂದು ದರ ಹಾಕುತ್ತವೆ. ರುಚಿ ಮಾತ್ರ ನಿಜವಾಗಿ ಒಳ್ಳೆಯದೇ.

ಮೀನಿನ ಆಸೆಯಿಂದ ಜೂನ್, ಜುಲೈಯಲ್ಲಿ ಬರುವವರಿಗೆ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ತಾಜಾ ಕಡಲಮೀನು ಕಡಿಮೆ, ರೇಟು ಜಾಸ್ತಿ, ಫ್ರೀಜರಿನದ್ದು ತಟ್ಟೆಗೆ ಬರುವ ಸಾಧ್ಯತೆ ಹೆಚ್ಚು. ಆಗ ಒಣಮೀನು ಚಟ್ನಿ ಅಥವಾ ಕೋರಿ ರೊಟ್ಟಿ (ಕೋಳಿ ಸಾರಿನ ಜೊತೆ ಗರಿಗರಿ ಅಕ್ಕಿ ರೊಟ್ಟಿ) ವಾಸಿ. ಸೇಂಟ್ ಮೇರಿಸ್ ದ್ವೀಪಕ್ಕೂ ಮಳೆಗಾಲದಲ್ಲಿ ದೋಣಿ ಇಲ್ಲ, ಕಡಲಿಗೆ ಇಳಿಯಲೂ ಬಿಡುವುದಿಲ್ಲ.

ಹಂತ 8: ರಾತ್ರಿಯ ಸದ್ದಿಗೆ ತಯಾರಾಗಿ

"ಹಳ್ಳಿ ಶಾಂತವಾಗಿರುತ್ತದೆ" ಎಂದು ನಂಬಿ ಬಂದವರಿಗೆ ಜೂನ್ ರಾತ್ರಿಯ ಕಪ್ಪೆಗಳು ಪಾಠ ಕಲಿಸುತ್ತವೆ. ಬೆಳಗಿನ ಜಾವಕ್ಕೆ ನವಿಲು. ದೀಪಾವಳಿ ಆದ ಮೇಲೆ ಮೇ ಕೊನೆಯ ಪತ್ತನಾಜೆವರೆಗೆ (ತುಳುವರ ಲೆಕ್ಕದಲ್ಲಿ ಇವೆಲ್ಲ ಆ ವರ್ಷಕ್ಕೆ ನಿಲ್ಲುವ ದಿನ) ಯಕ್ಷಗಾನ ಮೇಳಗಳ ತಿರುಗಾಟ, ಊರೂರಲ್ಲಿ ಭೂತಕೋಲ. ಹತ್ತಿರದಲ್ಲಿ ಆಟ, ಅಂದರೆ ಯಕ್ಷಗಾನ, ಇದ್ದರೆ ಚೆಂಡೆ ಸದ್ದು ಬೈಲಿನಲ್ಲಿ ತುಂಬ ದೂರ ಕೇಳುತ್ತದೆ. ಇದರ ಬಗ್ಗೆ ರಿಸೆಪ್ಶನ್‌ಗೆ ದೂರು ಕೊಡುವ ಬದಲು ಎದ್ದು ಹೋಗಿ ನೋಡಿ. ಕೋಲಕ್ಕೆ ಹೋದರೆ ಅದು ಪ್ರದರ್ಶನ ಅಲ್ಲ, ಆರಾಧನೆ ಎಂದು ನೆನಪಿರಲಿ. ಮನೆಯವರನ್ನು ಕೇಳದೆ ಕ್ಯಾಮೆರಾ ಎತ್ತಬೇಡಿ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಬರುವವರಿಗೆ ಗದ್ದೆಯ ಹಸಿರು ತಪ್ಪಿದರೂ ಕಂಬಳ ಸಿಗುತ್ತದೆ. ಹೆಚ್ಚಾಗಿ ಶನಿವಾರ ಶುರುವಾಗಿ ರಾತ್ರಿಯಿಡೀ ನಡೆದು ಭಾನುವಾರ ಮುಗಿಯುತ್ತದೆ. ಆ ವರ್ಷದ ಕಂಬಳದ ಪಟ್ಟಿ ನೋಡಿ ರೂಮು ಹಿಡಿಯಿರಿ.

ಹಂತ 9: ಹೊರಡುವ ದಿನ

ಬಿಲ್ಲನ್ನು ಹಿಂದಿನ ರಾತ್ರಿಯೇ ಕೇಳಿ ನೋಡಿಟ್ಟುಕೊಳ್ಳಿ. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಯಾವ ತಪ್ಪೂ ಕಣ್ಣಿಗೆ ಬೀಳುವುದಿಲ್ಲ. "ಫಾರ್ಮ್ ಆ್ಯಕ್ಟಿವಿಟಿ" ಎಂದು ನಾಟಿಗೂ ದುಡ್ಡು ಹಾಕಿರುತ್ತಾರೆ. ಮೊದಲೇ ಹೇಳಿದ್ದರೆ ಸರಿ, ಹೇಳಿರದಿದ್ದರೆ ಕೇಳಿ.

ಆ ಗದ್ದೆಯದ್ದೇ ಅಕ್ಕಿ ಮಾರಾಟಕ್ಕಿದ್ದರೆ ಐದು ಕೆ.ಜಿ. ತೆಗೆದುಕೊಳ್ಳಿ, ಆದರೆ ಬೇಯಿಸುವ ರೀತಿ ಅಡುಗೆಯವರಿಂದ ಕೇಳಿಕೊಂಡು ಹೋಗಿ. ಕುಚ್ಚಲಕ್ಕಿ ಬೆಳ್ತಿಗೆಯ, ಅಂದರೆ ಸಾಮಾನ್ಯ ಬಿಳಿ ಅಕ್ಕಿಯ, ಹಾಗೆ ಎರಡು ಸೀಟಿಗೆ ಬೇಯುವುದಿಲ್ಲ. ಜಾಸ್ತಿ ನೀರಿಟ್ಟು ಕುಕ್ಕರಿನಲ್ಲಿ ಒಂದು ಸೀಟಿ ಹೊಡೆಸಿ, ಒಲೆ ಆರಿಸಿ, ಒಂದು ಗಂಟೆ ಮುಚ್ಚಳ ತೆಗೆಯದೆ ಬಿಡಬೇಕು. ಆಮೇಲೆ ಇನ್ನೊಮ್ಮೆ ಬಿಸಿ ಮಾಡಿ ತಿಳಿ ಬಸಿಯಬೇಕು. ತಿಳಿಯನ್ನು ಚೆಲ್ಲಬೇಡಿ, ಉಪ್ಪು ಹಾಕಿ ಕುಡಿಯಿರಿ.